ಕಡವಿನಲ್ಲಿ

ಬಂದರಿನ ದಕ್ಕೆಗೆ ಇಳಿಯುವ ದಾರಿಯಲ್ಲಿ
ದೋಣಿಗಳ ವಯರ್‌ಲೆಸ್ ರಿಪೇರಿ ಮಾಡುವ ವಾಮನ ಸುವರ್ಣರ ಅಂಗಡಿ.
ಒಳಗೆ, ಇನ್ವರ್ಟರಿನ ಪಕ್ಕ,
ಬುತ್ತಿ ಡಬ್ಬಿಯಷ್ಟು ದೊಡ್ಡದೊಂದು ಕಪ್ಪು ಪೆಟ್ಟಿಗೆ.
ಅದರಲ್ಲಿ ಇನ್ನೂರ ಹನ್ನೆರಡು ಮಂದಿಯ ಮಾತು.
ಇದು ನಮ್ಮ ಸರ್ವರ್, ಎಂದರು,
ಇದು ನಮ್ಮ ಬಾವಿ ಎನ್ನುವ ಹಾಗೆ.

ನಾನು ಬಂದದ್ದು ದೊಡ್ಡ ಪೇಟೆಯಿಂದ.
ಅಲ್ಲಿ ನನ್ನ ಬೆನ್ನಿಗೆ ತೊಂಬತ್ತು ಸಾವಿರ ಮಂದಿ,
ಒಬ್ಬರ ಮುಖವೂ ಗೊತ್ತಿರಲಿಲ್ಲ.
ಮಾಲೀಕ ಬದಲಾದ, ಬೀಗವೂ ಬದಲಾಯಿತು.
ನಮ್ಮ ಸಂಜೆ ಪತ್ರಿಕೆ ಅಷ್ಟರಲ್ಲಿ ಮುಚ್ಚಿತ್ತು.
ಉಳಿದದ್ದು ಸ್ಕೂಟರಿನ ಮೇಲೆ ‘ಪ್ರೆಸ್’ ಎಂಬ
ಅರ್ಧ ಕಿತ್ತುಹೋದ ಸ್ಟಿಕ್ಕರು.

ಮೊದಲ ದಿನ ಬರೆದೆ: ನಮಸ್ಕಾರ, ನಾನು ಪತ್ರಕರ್ತ.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಒಬ್ಬಳು ಕೇಳಿದಳು: ಊಟ ಆಯ್ತಾ?
ಇನ್ನೊಬ್ಬ: ಹಿಡಿಯಲಿಕ್ಕೆ ಬಂದದ್ದಾ, ಕೂತುಕೊಳ್ಳಲಿಕ್ಕೆ ಬಂದದ್ದಾ?

ಕುಳೂರಿನ ಹೊಳೆಯಲ್ಲಿ ಮರುವಾಯಿ ಹೆಕ್ಕುವ ರೆಮೆದಿ ಬಾಯಿ
ದಿನಾ ಇಳಿತದ ಹೊತ್ತಿಗೆ ಒಂದು ಸಾಲು ಹಾಕುತ್ತಿದ್ದರು;
ಹೇಳುವುದು ಅವರು, ಒತ್ತುವುದು ಮೊಮ್ಮಗಳು ವೆನಿಶಾ.
ಇವತ್ತು ಸೊಂಟದವರೆಗೆ ನೀರು. ಅರ್ಧ ಬುಟ್ಟಿ.
ಇವತ್ತು ಕೆಸರು ಕಾಲಿಗೆ ತುರಿಸ್ತದೆ.
ಇವತ್ತು ಹೆಕ್ಕಿದ್ದೆಲ್ಲ ಬಾಯಿ ಬಿಟ್ಟಿದೆ, ಒಳಗೆ ಎಂತದೂ ಇಲ್ಲ.

ಮೂರನೆಯದು ನನಗೆ ತಲೆಬರಹವಾಗಿ ಕಂಡಿತು.
ಇಪ್ಪತ್ತೆರಡು ವರ್ಷದ ಕಣ್ಣಿನ ರೋಗ ಅದು.
ಸ್ಕ್ರೀನ್‌ಶಾಟ್ ತೆಗೆದೆ, ಹೆಸರು ಸಮೇತ,
ಬೆಂಗಳೂರಿನ ಚಾನೆಲೊಂದಕ್ಕೆ ಕೊಟ್ಟೆ.
ಎಲ್ಲರಿಗೂ ಕಾಣುವ ಹಾಗೆ ಬರೆದದ್ದಲ್ಲವೇ, ಅಂದುಕೊಂಡೆ,
ಅಂಗಳಕ್ಕೆ ಗೇಟಿಲ್ಲ ಎಂದು
ಒಣಗಲು ಹಾಕಿದ ಮೀನು ಎತ್ತಿಕೊಂಡು ಹೋಗುವವನ ಹಾಗೆ.

ಬಂದರು. ಕಾರ್ಖಾನೆಯ ಪರದವರು,
ಊರಿನ ಮಾನ ಹೋಯಿತು ಅನ್ನುವವರು,
ಅವರ ಕೊರಳಿನ ಶಿಲುಬೆ ನೋಡಿ ಬೇರೆಯೇ ಲೆಕ್ಕ ತೆಗೆದವರು,
ಹೊಳೆಯನ್ನು ಜನ್ಮದಲ್ಲಿ ನೋಡದವರು.
ಅದಾದರೂ ನನಗೆ ಗೊತ್ತಿದ್ದ ಕಾಯಿಲೆ.
ಗೊತ್ತಿರದಿದ್ದದ್ದು: ಮರುದಿನ ಮಾರ್ಕೆಟಿನಲ್ಲಿ
ಅವರ ಬುಟ್ಟಿಯನ್ನು ಯಾರೂ ಮುಟ್ಟಲಿಲ್ಲ.
ವಿಷದ ಮರುವಾಯಿ ಅಂತೆ.
ಮರುವಾಯಿ ಬಾಯಿ ಬಿಟ್ಟಿತ್ತು,
ರೆಮೆದಿ ಬಾಯಿ ಮುಚ್ಚಿದರು.

ರಾತ್ರಿಯಿಡೀ ಕೂತು ವಾಮನರು
ಬೈಗುಳ ಬರುತ್ತಿದ್ದ ಏಳು ಸರ್ವರುಗಳ ದಾರಿ ಕಡಿದರು.
ನನ್ನನ್ನು ಹೊರಗೆ ಹಾಕಲಿಲ್ಲ. ಕರೆಸಿ, ಸೋಲ್ಡರ್ ಹಾಕುತ್ತಲೇ ಹೇಳಿದರು:
ನೋಡಿ ಮಾರಾಯ್ರೆ, ಇದು ಒಂದೇ ಸಮುದ್ರ ಅಲ್ಲ, ಕಡವುಗಳು.
ಬೆಂಗ್ರೆಯದ್ದು ಬೇರೆ, ಉಳ್ಳಾಲದ್ದು ಬೇರೆ,
ಮಲ್ಪೆಯಲ್ಲಿ ಹೆಂಗಸರದ್ದೇ ಒಂದುಂಟು.
ದೋಣಿ ಹೋಗ್ತದೆ, ಬರ್ತದೆ, ಹೊಳೆಗೆ ಯಜಮಾನ ಇಲ್ಲ.
ಹತ್ತುವಾಗ ಹೇಳಿ ಹತ್ತಬೇಕು.
ಅಷ್ಟೇ ಉಂಟು ನಮ್ಮ ಕಾನೂನು.

ಕುಳೂರಿಗೆ ಹೋದೆ. ಇಳಿತ ಮುಗಿಯುವವರೆಗೆ ದಡದಲ್ಲಿ ಕೂತೆ.
ಅವರು ನನ್ನತ್ತ ನೋಡಲಿಲ್ಲ.
ವೆನಿಶಾ ಒಂದು ಬುಟ್ಟಿ ಕೈಗೆ ಕೊಟ್ಟಳು, ಹೊತ್ತೆ.
ನೀರು ಸೋರಿ ಅಂಗಿ ತೊಯ್ದಿತು, ವಾಸನೆ ಮೂರು ದಿನ ಹೋಗಲಿಲ್ಲ.

ಎರಡನೆಯ ವರದಿಯನ್ನು ಮೊದಲು ಪೆಟ್ಟಿಗೆಯೊಳಗೇ ಓದಿದೆ.
ಹದಿನಾರು ತಿದ್ದುಪಡಿ ಬಂತು.
ತುರಿಸುವುದಲ್ಲ, ಉರಿಯುವುದು, ಎಂದ ಒಬ್ಬ.
ಬುಟ್ಟಿಗೆ ಎಷ್ಟು ರೂಪಾಯಿ ಅಂತ ಯಾಕೆ ಬರೆಯಲಿಲ್ಲ, ಮತ್ತೊಬ್ಬಳು.
ಯಾವ ಸಂಪಾದಕನೂ ನನ್ನನ್ನು ಇಷ್ಟು ಓದಿರಲಿಲ್ಲ.
ತಲೆಬರಹ ಎಲ್ಲೋ ಬಿದ್ದುಹೋಯಿತು. ಹುಡುಕಲಿಲ್ಲ.

ಮೇಲಿನ ಮೂರು ಸಾಲು ಇಲ್ಲಿ ಮತ್ತೆ ಬರೆಯಲಾ ಎಂದು ಕೇಳಿದೆ.
ಬರಿ, ಹೋದದ್ದು ಹೋಯ್ತು, ಅಂದರಂತೆ.

ನಿನ್ನೆ ಸಂಜೆ, ಐದು ತಿಂಗಳ ಮೇಲೆ,
ರೆಮೆದಿ ಬಾಯಿ ಒಂದು ಸಾಲು ಹಾಕಿದ್ದಾರೆ.
ಓದಿದೆ. ಎದ್ದು ಒಂದು ಲೋಟ ನೀರು ಕುಡಿದೆ.
ಅದನ್ನು ಈ ಕವಿತೆಗೆ ಕೊಡುತ್ತೀರಾ ಎಂದು ಕೇಳಿಸಿದ್ದೇನೆ.
ಅಜ್ಜಿ ಮಲಗಿದ್ದಾರೆ, ನಾಳೆ ಹೇಳ್ತೇನೆ, ಅಂದಿದ್ದಾಳೆ ವೆನಿಶಾ.

ಇಲ್ಲಿ ಜಾಗ ಬಿಟ್ಟಿದ್ದೇನೆ.